ನಾಯಕ ಅಜೇಯನಾದ ಮೇಲೆ ಆಟದಲ್ಲಿ ಸವಾಲು ಎಲ್ಲಿ ಉಳಿಯುತ್ತದೆ?

ಪ್ರಶ್ನೆ

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳನ್ನು ಬಹಳ ಕಾಲದಿಂದ ಆಡುತ್ತ ಬಂದಿರುವ ನನ್ನನ್ನು ಒಂದು ಸಂಗತಿ ಮತ್ತೆ ಮತ್ತೆ ಕಾಡುತ್ತಿದೆ. ಸದ್ಯ ಸ್ಕೈರಿಮ್ ಆಡುತ್ತಿದ್ದೇನೆ. ಆಲ್ಕೆಮಿ, ಎನ್‌ಚಾಂಟಿಂಗ್, ಸ್ಮಿಥಿಂಗ್ ಎಂಬ ಮೂರು ವಿದ್ಯೆಗಳನ್ನು ಒಂದಕ್ಕೊಂದು ಹೊಂದಿಸಿ ಬೆಳೆಸಿದರೆ ಏನಾಗುತ್ತದೆಂಬುದು ಆ ಆಟ ಆಡಿದವರಿಗೆಲ್ಲ ಗೊತ್ತಿದೆ: ಮದ್ದು ಕುಡಿದು ಮಂತ್ರಿಸಿದ ಉಂಗುರವನ್ನು ತೊಟ್ಟರೆ ಇನ್ನೂ ಬಲವಾದ ಮದ್ದು ತಯಾರಾಗುತ್ತದೆ, ಆ ಮದ್ದಿನ ಬಲದಲ್ಲಿ ಹದಗೊಳಿಸಿದ ಕತ್ತಿ ಡ್ರ್ಯಾಗನ್ನನ್ನೂ ಕೆಲವೇ ಏಟುಗಳಿಗೆ ಕೆಡವುತ್ತದೆ. ಆ ಹಂತಕ್ಕೆ ಬಂದ ಮೇಲೆ ಪ್ರತಿಯೊಂದು ಕಾಳಗವೂ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತಾಗಿದೆ.

ಸವಾಲು ಬೇಕೆಂದು ಡಿಫಿಕಲ್ಟಿಯನ್ನು ಅತ್ಯಂತ ಕಠಿಣ ಹಂತವಾದ ಲೆಜೆಂಡರಿಗೆ ಏರಿಸಿದೆ. ಆಗ ಶತ್ರುವಿನ ಏಟು ಮೂರು ಪಟ್ಟಾಗುತ್ತದೆ, ನನ್ನ ಏಟು ಕಾಲು ಭಾಗಕ್ಕೆ ಇಳಿಯುತ್ತದೆ. ಉಳಿದಂತೆ ಯಾವುದೂ ಬದಲಾಗುವುದಿಲ್ಲ. ಶತ್ರುಗಳು ಮೊದಲಿನಷ್ಟೇ ದಡ್ಡರು, ನಿಲ್ಲುವ ಜಾಗವೂ ಅದೇ, ಬಳಸುವ ತಂತ್ರವೂ ಅದೇ. ಕಥೆಯ ಪ್ರಕಾರ ನಾನು ಡ್ರ್ಯಾಗನ್‌ಬಾರ್ನ್, ಸತ್ತ ಡ್ರ್ಯಾಗನ್ನಿನ ಆತ್ಮವನ್ನೇ ಹೀರಿಕೊಳ್ಳಬಲ್ಲವನು. ಅಂಥವನ ಕೊಡಲಿಯೇಟನ್ನು ತುಪ್ಪಳದ ಅಂಗಿ ತೊಟ್ಟ ಕಳ್ಳನೊಬ್ಬ ಮತ್ತೆ ಮತ್ತೆ ತಾಳಿಕೊಂಡು ನಿಲ್ಲುತ್ತಾನೆಂದರೆ, ಆ ಲೋಕದ ಪುರಾಣ ಸುಳ್ಳೋ, ಆಟದ ಲೆಕ್ಕಾಚಾರ ಸುಳ್ಳೋ?

ನಾಯಕ ಇಷ್ಟು ಬಲಿಷ್ಠನಾಗುವುದೇ ವಿನ್ಯಾಸದ ತಪ್ಪೇ? ಅಥವಾ ಲೋರ್‌ಗೆ, ಅಂದರೆ ಆ ಲೋಕದ ಪುರಾಣಕ್ಕೆ, ಮೋಸ ಮಾಡದೆ ಬಲಿಷ್ಠ ನಾಯಕನಿಗೂ ನಿಜವಾದ ಸವಾಲು ಒಡ್ಡಿದ ಆಟಗಳಿವೆಯೇ? ಬಲವಾದ ಆಯುಧವನ್ನು ಬಳಸದೆ ಆಡಿ ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ. ಕಥೆಯೊಳಗಿನ ವ್ಯಕ್ತಿಯೊಬ್ಬ ಜೀವ ಪಣಕ್ಕಿಟ್ಟು ಹೋರಾಡುವಾಗ ತನ್ನಲ್ಲಿರುವ ಒಳ್ಳೆಯ ಕತ್ತಿಯನ್ನು ಬೇಕೆಂದೇ ಪೆಟ್ಟಿಗೆಯಲ್ಲಿಟ್ಟು ಬರುವುದಕ್ಕೆ ಕಾರಣವೇ ಇರುವುದಿಲ್ಲ.

ಉತ್ತರ 1

ನಾಯಕ ಎಷ್ಟೇ ಬಲಿಷ್ಠನಾಗಲಿ, ಅವನ ಬಲವನ್ನು ಆ ಲೋಕ ಕಂಡೂ ಕಾಣದಂತೆ ನಡೆದುಕೊಂಡಾಗಲೇ ಆಟ ಸಪ್ಪೆಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಅದೇ ಸರಣಿಯ ಹಿಂದಿನ ಆಟ, 2002ರ ಮಾರೋವಿಂಡ್, ಅತ್ಯುತ್ತಮ ನಿದರ್ಶನ.

ನೀವು ಹೇಳಿದ ಮದ್ದಿನ ಚಕ್ರ ಅಲ್ಲಿ ಇನ್ನೂ ನೇರವಾಗಿದೆ. ಮದ್ದು ಎಷ್ಟು ಬಲವಾಗಿರುತ್ತದೆ ಎಂಬುದು ತಯಾರಿಸುವವನ ಬುದ್ಧಿಶಕ್ತಿಯನ್ನೂ ಅವಲಂಬಿಸಿರುವುದರಿಂದ, ಬುದ್ಧಿಶಕ್ತಿ ಹೆಚ್ಚಿಸುವ ಮದ್ದನ್ನು ಕುಡಿದು ಅದೇ ಮದ್ದನ್ನು ಮತ್ತೆ ತಯಾರಿಸಿ, ಅದನ್ನೂ ಕುಡಿದು ಮತ್ತೆ ತಯಾರಿಸುತ್ತ ಹೋದರೆ ಸಂಖ್ಯೆಗಳು ಎಲ್ಲೆ ಮೀರುತ್ತವೆ. ಆದರೂ ಕಥೆಯ ಕೊನೆಯಲ್ಲಿ ಎದುರಾಗುವ ಡಾಗೋತ್ ಉರ್‌ನನ್ನು ಆ ಬಲವೊಂದರಿಂದಲೇ ಮುಗಿಸಲು ಸಾಧ್ಯವಿಲ್ಲ. ಅವನ ಅಮರತ್ವ ಇರುವುದು ಲೋರ್ಖಾನ್ ಎಂಬ ದೇವತೆಯ ಹೃದಯದಲ್ಲಿ. ಅವನನ್ನು ಕೆಡವಿದರೂ ಮರಳಿ ಬರುತ್ತಾನೆ; ಆ ಹೃದಯದೊಂದಿಗಿನ ಅವನ ನಂಟನ್ನು ಸಂಡರ್ ಎಂಬ ಸುತ್ತಿಗೆ ಮತ್ತು ಕೀನಿಂಗ್ ಎಂಬ ಬಾಕುಗಳಿಂದ ಕಡಿಯಬೇಕು. ರೈತ್‌ಗಾರ್ಡ್ ಎಂಬ ಕೈಗವಸು ತೊಡದೆ ಆ ಉಪಕರಣಗಳನ್ನು ಹಿಡಿದವನ ಪ್ರಾಣಕ್ಕೇ ಕುತ್ತು ಬರುತ್ತದೆ. ಹೀಗೆ ಅಲ್ಲಿನ ಸವಾಲು ಶತ್ರುವಿನ ಆಯುಸ್ಸಿನ ಪಟ್ಟಿ ಎಷ್ಟು ಉದ್ದವಿದೆ ಎಂಬುದರಲ್ಲಿ ಇಲ್ಲ. ಆ ಲೋಕದ ನಿಯಮವನ್ನು ನೀವು ಅರ್ಥ ಮಾಡಿಕೊಂಡಿದ್ದೀರಾ ಎಂಬುದೇ ಪರೀಕ್ಷೆ.

ಇನ್ನೂ ಮೆಚ್ಚಬೇಕಾದ ಸಂಗತಿಯೊಂದಿದೆ. ಆ ಕೈಗವಸನ್ನು ಕ್ರಮವಾಗಿ ಕೊಡಬೇಕಾದವನು ವಿವೆಕ್, ಜನರು ಪೂಜಿಸುವ ಜೀವಂತ ದೇವರು. ನಿಮ್ಮ ಬಲ ಮಿತಿಮೀರಿದ್ದರೆ ಅವನನ್ನೇ ಕೊಲ್ಲಬಹುದು. ಬೇರೆ ಆಟವಾಗಿದ್ದರೆ ಅವನು ಮೊಣಕಾಲೂರಿ ಕುಳಿತು, ಸ್ವಲ್ಪ ಹೊತ್ತಿಗೆ ಏನೂ ಆಗದವನಂತೆ ಎದ್ದು ನಿಲ್ಲುತ್ತಿದ್ದ. ಇಲ್ಲಿ ಅವನು ಸಾಯುತ್ತಾನೆ, ಅವನ ಬಳಿಯಿಂದ ಡ್ವೆಮರ್ ಎಂಬ ಕುಲದವರ, ಅರ್ಥವಾಗದ ವಸ್ತುವೊಂದು ಸಿಗುತ್ತದೆ. ಅದನ್ನು ಆ ಕುಲದಲ್ಲಿ ಬದುಕಿರುವ ಕೊನೆಯವನಾದ ಯಾಗ್ರಮ್ ಬಗಾರ್ನ್ ಬಳಿಗೆ ಒಯ್ದು, ಅವನಿಗೆ ಬೇಕಾದ ಹಳೆಯ ಹೊತ್ತಗೆಗಳನ್ನೂ ಹುಡುಕಿ ಕೊಟ್ಟರೆ, ಅವನು ಹೇಗೋ ಅದನ್ನು ಬಳಸುವಂತೆ ಮಾಡಿಕೊಡುತ್ತಾನೆ. ಆದರೆ ಆ ಅರೆಬರೆ ಕೈಗವಸು ತೊಟ್ಟವನ ಆರೋಗ್ಯವನ್ನು ಶಾಶ್ವತವಾಗಿ ಕುಗ್ಗಿಸುತ್ತದೆ. ಕಥೆಯನ್ನೇ ಮುರಿದ ನಾಯಕನಿಗೂ ಅಲ್ಲಿ ದಾರಿ ಇದೆ, ಅದಕ್ಕೆ ತಕ್ಕ ಬೆಲೆಯೂ ಇದೆ, ಆ ಬೆಲೆಗೆ ಪುರಾಣದೊಳಗೇ ಕಾರಣವೂ ಇದೆ. ಅತಿಬಲದ ಆಟಗಾರ ಬಂದೇ ಬರುತ್ತಾನೆಂದು ಮೊದಲೇ ಊಹಿಸಿ ಅವನಿಗಾಗಿ ಬರೆದಿಟ್ಟ ಅಧ್ಯಾಯ ಅದು.

ಅದೇ ಸರಣಿಯಲ್ಲಿ 2006ರಲ್ಲಿ ಬಂದ ಆಬ್ಲಿವಿಯನ್ ಇದಕ್ಕೆ ತದ್ವಿರುದ್ಧ. ಅಲ್ಲಿ ನಿಮ್ಮ ಲೆವೆಲ್ ಏರಿದಂತೆ ಲೋಕವೆಲ್ಲ ನಿಮ್ಮ ಜೊತೆಗೇ ಏರುತ್ತದೆ. ಸ್ವಲ್ಪ ಬೆಳೆದ ಮೇಲೆ ದಾರಿಗಳ್ಳರೂ ರಾಜಮನೆತನಕ್ಕೆ ಸಲ್ಲುವಂಥ ಗ್ಲಾಸ್ ಕವಚ ತೊಟ್ಟು, ಅದರ ಬೆಲೆಯ ಒಂದು ಚೂರಿಗೂ ಸಾಟಿಯಾಗದ ನೂರು ನಾಣ್ಯಕ್ಕಾಗಿ ದಾರಿ ಅಡ್ಡಗಟ್ಟುತ್ತಾರೆ. ನಾಯಕ ಅತಿಬಲನಾಗದಂತೆ ತಡೆಯಲು ಹೊರಟು ಲೋಕವನ್ನೇ ನಂಬಲಾಗದಂತೆ ಮಾಡಿದ್ದಾರೆ. ನಿಮ್ಮ ತುಪ್ಪಳದ ಕಳ್ಳನ ತೊಂದರೆಯ ಮೂಲ ಇರುವುದೂ ಇಲ್ಲೇ.

ಉತ್ತರ 2

ಮೇಲಿನವರ ವಿವರಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಡಿಫಿಕಲ್ಟಿಯ ಆಯ್ಕೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಏಟಿನ ಗುಣಾಕಾರವನ್ನಷ್ಟೇ ಬದಲಾಯಿಸುವುದು ಸೋಮಾರಿತನ. ಶತ್ರುವಿನ ನಡೆಯನ್ನೇ ಬದಲಾಯಿಸುವುದು ಬೇರೆ ಮಾತು. 2023ರ ಬಾಲ್ಡರ್ಸ್ ಗೇಟ್ 3 ಆಟಕ್ಕೆ ಅದೇ ವರ್ಷದ ಕೊನೆಯಲ್ಲಿ ಸೇರಿದ ಆನರ್ ಮೋಡ್ ನೋಡಿ. ಒಂದೇ ಸೇವ್ ಇರುತ್ತದೆ, ಹಿಂದಕ್ಕೆ ಹೋಗುವಂತಿಲ್ಲ. ಬಾಸ್‌ಗಳಿಗೆ, ಅಂದರೆ ಮುಖ್ಯ ಶತ್ರುಗಳಿಗೆ, ಲೆಜೆಂಡರಿ ಆಕ್ಷನ್ ಎಂಬ ಹೊಸ ನಡೆಗಳು ಸಿಕ್ಕಿವೆ. ನಿಮ್ಮ ಸರದಿಯಲ್ಲೇ ಅವು ಎದುರೇಟು ಕೊಡುವುದರಿಂದ, ಎಲ್ಲ ಬಲವನ್ನೂ ಒಟ್ಟಿಗೆ ಸುರಿದು ಮೊದಲ ಸುತ್ತಿನಲ್ಲೇ ಮುಗಿಸುವ ಹಳೆಯ ತಂತ್ರ ಅಷ್ಟು ಸುಲಭವಾಗಿ ಫಲಿಸುವುದಿಲ್ಲ. ಇಲ್ಲಿ ಲೋರ್‌ಗೆ ಯಾವ ಧಕ್ಕೆಯೂ ಇಲ್ಲ, ಏಕೆಂದರೆ ಪುರಾತನ ಜೀವಿಯೊಂದು ಸಾಮಾನ್ಯ ಸೈನಿಕನಿಗಿಂತ ಚುರುಕಾಗಿ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಯಾರೂ ನಂಬಬಹುದು.

ಅದೇ ಆಟ ಲೆವೆಲ್‌ಗೆ 12ರ ಮಿತಿ ಹಾಕಿರುವುದೂ ವಿವೇಕದ ನಿರ್ಧಾರ. ಮೇಜಿನ ಮೇಲೆ ಆಡುವ ಮೂಲ ನಿಯಮಗಳಲ್ಲಿ 20 ಲೆವೆಲ್‌ಗಳಿವೆ, 13ರಿಂದ ಏಳನೆಯ ಹಂತದ ಮಂತ್ರಗಳು ಆರಂಭವಾಗುತ್ತವೆ. ಮನಬಂದಂತೆ ಇನ್ನೊಂದು ಲೋಕಕ್ಕೆ ಜಿಗಿಯಬಲ್ಲ ಮಾಂತ್ರಿಕನಿಗೆ ಸೆರೆಮನೆ, ಬೀಗ, ಕೋಟೆಗೋಡೆ ಯಾವುದೂ ಅಡ್ಡಿಯಾಗುವುದಿಲ್ಲ. ಕಥೆ ಬರೆಯುವವರು ಪ್ರತಿಯೊಂದು ಬಾಗಿಲಿಗೂ ಹೊಸ ಕಾರಣ ಹುಡುಕಬೇಕಾಗುತ್ತದೆ.

ಮಿತಿಯ ಜೊತೆಗೆ ಸ್ಥಿರವಾದ ಲೋಕವೂ ಬೇಕು. 2001ರ ಗಾಥಿಕ್ ಆಟದಲ್ಲಿ ಲೋಕ ನಿಮಗಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮೊದಲ ಗಂಟೆಗಳಲ್ಲಿ ಹಕ್ಕಿಯಂಥ ಸ್ಕ್ಯಾವೆಂಜರ್ ಒಂದೇ ನಿಮ್ಮನ್ನು ಕೆಡವುತ್ತದೆ, ಹಳೆಯ ಶಿಬಿರದಲ್ಲಿ ಕಾವಲುಗಾರನೊಬ್ಬ ರಕ್ಷಣೆಯ ಹೆಸರಿನಲ್ಲಿ ನಿಮ್ಮಿಂದ ಅದಿರು ವಸೂಲಿ ಮಾಡುತ್ತಾನೆ. ಕತ್ತಿ ಹಿಡಿಯುವುದನ್ನೂ ಗುರುವಿನ ಬಳಿ ಕಲಿಯಬೇಕು, ಕಲಿತ ಮೇಲೆ ನಾಯಕನ ಕೈ ಹಿಡಿತ ಕಣ್ಣಿಗೆ ಕಾಣುವಂತೆ ಬದಲಾಗುತ್ತದೆ. ಹತ್ತಾರು ಗಂಟೆ ಕಳೆದು, ಓಡಿಹೋಗಿದ್ದ ಅದೇ ಕಾಡಿಗೆ ಮರಳಿ ಅಲ್ಲಿನ ಮೃಗವನ್ನು ಎದುರಿಸಿ ಗೆದ್ದಾಗ ಆಗುವ ಸಂತೋಷಕ್ಕೆ ಬೇರೆ ಸಾಟಿಯಿಲ್ಲ. ಅತಿಬಲ ಅಲ್ಲೂ ಬರುತ್ತದೆ. ಆದರೆ ಅದು ದುಡಿದು ಪಡೆದ ಬಲ, ಮತ್ತು ಶಿಬಿರದವರೆಲ್ಲ ಅದನ್ನು ನೋಡಿರುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವಿವೆಕ್‌ನನ್ನು ಕೊಂದ ಮೇಲೂ ಕಥೆಗೆ ದಾರಿ ಇದೆ ಎಂಬುದು ನನಗೆ ತಿಳಿದಿರಲಿಲ್ಲ, ಆ ಆಟವನ್ನು ಖಂಡಿತ ಆಡುತ್ತೇನೆ. ಆದರೆ ಒಂದು ಸಂದೇಹ ಉಳಿಯಿತು. ಮಿತಿ ಹಾಕುವುದು, ಲೋಕವನ್ನು ಸ್ಥಿರವಾಗಿಡುವುದು ಇವೆಲ್ಲ ಆಟ ಆರಂಭವಾಗುವ ಮೊದಲೇ ನಿರ್ಧರಿಸಬಹುದಾದ ವಿಷಯಗಳು. ನಾಯಕ ಈಗಾಗಲೇ ಶಿಖರ ಮುಟ್ಟಿದ್ದಾನೆ, ಅದರ ನಂತರ ಹೊಸ ಅಧ್ಯಾಯವೊಂದನ್ನು ಸೇರಿಸಬೇಕು ಎಂದರೆ ಏನು ಮಾಡುತ್ತಾರೆ? ಅವನ ಬಲವನ್ನು ಕಿತ್ತುಕೊಳ್ಳುವುದು ಸಾಮಾನ್ಯ ಉಪಾಯ, ಆದರೆ ಗಳಿಸಿದ್ದನ್ನು ಕಾರಣವಿಲ್ಲದೆ ಕಳೆದುಕೊಂಡರೆ ನನಗೆ ಸಿಟ್ಟು ಬರುತ್ತದೆ.

ಉತ್ತರ 3

ನಿಮ್ಮ ಎರಡನೆಯ ಪ್ರಶ್ನೆಗೆ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಪರಿಹಾರ ಎಲ್ಡನ್ ರಿಂಗ್ ಆಟಕ್ಕೆ 2024ರಲ್ಲಿ ಬಂದ ವಿಸ್ತರಣೆ. ಅದು ನಡೆಯುವ ನೆರಳಿನ ನಾಡಿಗೆ ಹೋಗಬೇಕಾದರೆ ಮೂಲ ಆಟದ ರಾಡಾನ್ ಮತ್ತು ಮೋಗ್ ಇಬ್ಬರನ್ನೂ ಸೋಲಿಸಿರಬೇಕು, ಅಂದರೆ ಬರುವವರೆಲ್ಲ ಬಲಿಷ್ಠರೇ. ಹಾಗೆ ಬಂದವರ ಲೆವೆಲನ್ನು ಆಟ ಮುಟ್ಟುವುದಿಲ್ಲ, ಆಯುಧವನ್ನೂ ಕಸಿಯುವುದಿಲ್ಲ. ಆದರೆ ಆ ನೆರಳಿನ ನಾಡಿಗೆ ತನ್ನದೇ ಆದ ಇನ್ನೊಂದು ಅಳತೆಗೋಲಿದೆ. ಅಲ್ಲಿನ ಸ್ಕಾಡುಟ್ರೀ ಎಂಬ ಮರದ ಚೂರುಗಳನ್ನು ಹುಡುಕಿ ತಂದು ಅನುಗ್ರಹ ಪಡೆದರೆ ಮಾತ್ರ ಆ ನಾಡಿನೊಳಗೆ ನಿಮ್ಮ ಏಟಿಗೂ ತಾಳಿಕೆಗೂ ಬಲ ಬರುತ್ತದೆ. ಒಟ್ಟು 50 ಚೂರುಗಳಿವೆ, ಅನುಗ್ರಹದ 20 ಹಂತಗಳಿವೆ, ನಾಡಿನ ಹೊರಗೆ ಬಂದರೆ ಅದರ ಪ್ರಭಾವ ಇರುವುದಿಲ್ಲ. ಹೊರಲೋಕದಲ್ಲಿ ದೇವತೆಗಳನ್ನು ಕೆಡವಿದವನು ಇಲ್ಲಿ ಮತ್ತೆ ಹೊಸಬನಾಗುತ್ತಾನೆ, ಆದರೂ ಅವನು ಗಳಿಸಿದ್ದರಲ್ಲಿ ಒಂದು ಚೂರೂ ಕಳೆದಿರುವುದಿಲ್ಲ. ಸವಾಲು ಹೆಚ್ಚೆನಿಸಿದರೆ ಮಾಡಬೇಕಾದ ಕೆಲಸವೂ ಆ ನಾಡನ್ನು ಸುತ್ತುವುದೇ ಆಗಿರುವುದರಿಂದ, ಕಠಿಣತೆ ಮತ್ತು ಲೋರ್ ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ.

ಇನ್ನೊಂದು ಮಾರ್ಗವೂ ಇದೆ, ನನಗೆ ವೈಯಕ್ತಿಕವಾಗಿ ಅದೇ ಹೆಚ್ಚು ಪ್ರಿಯ: ಬಲವನ್ನು ಧಾರಾಳವಾಗಿ ಕೊಟ್ಟು, ಅದರ ಋಣವನ್ನು ಬೇರೆ ಕಡೆಯಿಂದ ವಸೂಲಿ ಮಾಡುವುದು. 2021ರ ಪಾತ್‌ಫೈಂಡರ್ ಸರಣಿಯ ಆಟದಲ್ಲಿ ನಾಯಕ ಮಿಥಿಕ್ ಎಂಬ ಅತಿಮಾನುಷ ಶಕ್ತಿ ಪಡೆಯುತ್ತಾನೆ. ದೇವದೂತನಾಗಬಹುದು, ಶವಮಾಂತ್ರಿಕನಾಗಬಹುದು, ಕೊನೆಗೆ ಮೈಯೆಲ್ಲ ಕೀಟಗಳ ಸಮೂಹವೇ ಆಗಿ ನಡೆದಾಡುವ ಜೀವಿಯೂ ಆಗಬಹುದು. ಆ ಕೊನೆಯ ದಾರಿ ಹಿಡಿದವನಿಗೆ ಭಯಂಕರ ಬಲ ಸಿಗುತ್ತದೆ, ಆದರೆ ಜೊತೆಯಲ್ಲಿ ಬಂದ ಸಂಗಾತಿಗಳು ಉಳಿಯುವುದಿಲ್ಲ. ಆಟದುದ್ದಕ್ಕೂ ಶಿಬಿರದಲ್ಲಿ ಮಾತನಾಡಿ ಬೆಳೆಸಿದ ಸ್ನೇಹಗಳೆಲ್ಲ ಬರಿದಾಗುತ್ತವೆ. ಸೆಣಸಾಟ ಸುಲಭವಾಗಿರಬಹುದು, ಆ ನಿರ್ಧಾರ ಸುಲಭವಾಗಿರಲಿಲ್ಲ.

ಇದೇ ಮಾರ್ಗವನ್ನು 1999ರಲ್ಲೇ ಕೊನೆಯವರೆಗೆ ನಡೆದು ತೋರಿಸಿದ ಆಟ ಪ್ಲೇನ್‌ಸ್ಕೇಪ್: ಟಾರ್ಮೆಂಟ್. ಅದರ ಹೆಸರಿಲ್ಲದ ನಾಯಕನಿಗೆ ಸಾವೇ ಇಲ್ಲ. ಕಾಳಗದಲ್ಲಿ ಬಿದ್ದರೆ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಎಚ್ಚರಗೊಂಡು ಎದ್ದು ಕೂರುತ್ತಾನೆ, ಆಟ ಮುಗಿಯುವುದಿಲ್ಲ. ಅದಕ್ಕಿಂತ ಹೆಚ್ಚಿನ ಬಲವನ್ನು ಯಾವ ನಾಯಕನಿಗೆ ಕೊಡಲು ಸಾಧ್ಯ? ಆದರೆ ಅವನು ಸಾಯಬೇಕಾದ ಪ್ರತಿ ಬಾರಿಯೂ ಅವನ ಬದಲಿಗೆ ಬೇರೆ ಯಾರೋ ಸಾಯುತ್ತಾರೆಂದು, ಹಾಗೆ ಸತ್ತವರ ನೆರಳುಗಳೇ ಅವನನ್ನು ಬೆನ್ನಟ್ಟುತ್ತಿವೆಯೆಂದು ಬಹಳ ದೂರ ಬಂದ ಮೇಲೆ ತಿಳಿಯುತ್ತದೆ. ಅಲ್ಲಿಯವರೆಗೆ ಅಜಾಗರೂಕತೆಯಿಂದ ಎಷ್ಟು ಬಾರಿ ಬಿದ್ದು ಎದ್ದಿದ್ದೇವೆಂದು ಆಟಗಾರ ತಾನೇ ನೆನಪು ಮಾಡಿಕೊಳ್ಳಬೇಕಾಗುತ್ತದೆ. ಕೊನೆಯ ಮುಖಾಮುಖಿಯನ್ನು ಮಾತಿನಿಂದಲೂ ಮುಗಿಸಬಹುದು; ಅದಕ್ಕೆ ಬೇಕಾಗುವುದು ತೋಳ್ಬಲಕ್ಕಿಂತ ಹೆಚ್ಚಾಗಿ ವಿವೇಕ ಮತ್ತು ತನ್ನ ಹಿಂದಿನ ಜನ್ಮಗಳ ಬಗ್ಗೆ ಕಲೆಹಾಕಿದ ತಿಳಿವಳಿಕೆ.

ಉತ್ತರ 4

ಎಲ್ಲರೂ ಬೇರೆ ಆಟಗಳ ಕಡೆಗೆ ಹೋಗಿರುವುದರಿಂದ ನಿಮ್ಮ ಸ್ಕೈರಿಮ್‌ಗೆ ಮರಳುತ್ತೇನೆ. ಆ ಆಟದಲ್ಲೂ ಪುರಾಣದಿಂದ ಹುಟ್ಟಿದ ಸವಾಲುಗಳಿವೆ. ಆಲ್ಡುಯಿನ್ ಎಂಬ ಡ್ರ್ಯಾಗನ್ ಪರ್ವತದ ತುದಿಯಲ್ಲಿ ಎದುರಾದಾಗ ನಿಮ್ಮ ಕತ್ತಿಯ ಸಂಖ್ಯೆ ಎಷ್ಟೇ ಇರಲಿ, ಡ್ರ್ಯಾಗನ್‌ರೆಂಡ್ ಎಂಬ ಘೋಷದಿಂದ ಅವನನ್ನು ನೆಲಕ್ಕಿಳಿಸುವವರೆಗೆ ಅವನಿಗೆ ಗಾಯವೇ ಆಗುವುದಿಲ್ಲ. ಪಾರ್ಥುರ್ನಾಕ್ಸ್‌ನನ್ನು ಕೊಲ್ಲಬೇಕೆಂದು ಬ್ಲೇಡ್ಸ್ ಪಂಗಡದವರು ಒತ್ತಾಯಿಸುವಾಗಲೂ ಅಷ್ಟೇ. ಒಂದು ಕಾಲದಲ್ಲಿ ಆಲ್ಡುಯಿನ್‌ನ ಬಲಗೈಯಾಗಿದ್ದು, ಆಮೇಲೆ ಮನುಷ್ಯರ ಪಕ್ಷಕ್ಕೆ ಬಂದು, ಈಗ ಶಿಖರದ ಮೇಲೆ ಧ್ಯಾನದಲ್ಲಿರುವ ಆ ಮುದಿ ಡ್ರ್ಯಾಗನ್ನನ್ನು ಕೊಲ್ಲುವುದು ನಿಮ್ಮಂಥ ಬಲಿಷ್ಠನಿಗೆ ಕ್ಷಣದ ಕೆಲಸ. ಕೊಲ್ಲಬೇಕೇ ಎಂಬುದಕ್ಕೆ ಮಾತ್ರ ಆ ಬಲ ಉತ್ತರ ಹೇಳುವುದಿಲ್ಲ.

ವ್ಯಾವಹಾರಿಕವಾಗಿ ಹೇಳುವುದಾದರೆ, ಡಿಫಿಕಲ್ಟಿಯನ್ನು ಅಡೆಪ್ಟ್‌ಗೆ ಇಳಿಸಿ. ಅಲ್ಲಿ ಎರಡೂ ಕಡೆಯ ಏಟು ಇದ್ದಷ್ಟೇ ಇರುವುದರಿಂದ ಕಳ್ಳ ಕಳ್ಳನಂತೆಯೇ ಬೀಳುತ್ತಾನೆ. ಸ್ಪೆಷಲ್ ಎಡಿಷನ್ ನಿಮ್ಮಲ್ಲಿದ್ದರೆ ಅದರ ಜೊತೆಗೆ ಸರ್ವೈವಲ್ ಮೋಡ್ ಹಾಕಿಕೊಳ್ಳಿ. ಹಸಿವು, ಆಯಾಸ, ಚಳಿ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಆ ಕ್ರಮದಲ್ಲಿ ಫಾಸ್ಟ್ ಟ್ರಾವೆಲ್ (ನಕ್ಷೆಯಲ್ಲಿ ಆರಿಸಿದ ಜಾಗಕ್ಕೆ ಒಮ್ಮೆಲೇ ಹೋಗುವುದು) ಇರುವುದಿಲ್ಲ, ಗಾಯಗಳು ತಾವಾಗಿ ಮಾಯುವುದಿಲ್ಲ. ಉತ್ತರದ ಹಿಮಪ್ರದೇಶಕ್ಕೆ ಹೊರಡುವ ಮೊದಲು ಬೆಚ್ಚನೆಯ ಉಡುಪು ಮತ್ತು ಬಿಸಿ ಸೂಪನ್ನು ಹೊಂದಿಸಿಕೊಳ್ಳಿ. ನಿಮ್ಮ ಕತ್ತಿ ಎಷ್ಟೇ ಹರಿತವಾಗಿದ್ದರೂ ಅಲ್ಲಿನ ಚಳಿ ಅದನ್ನು ಲೆಕ್ಕಿಸುವುದಿಲ್ಲ.