ಅಪ್‌ಡೇಟ್: ಪಿನ್‌ಬಾಲ್ ಯಂತ್ರದ ಪವರ್ ಬೋರ್ಡ್ ಸುಡುತ್ತಿದ್ದದ್ದು ಸರಿಹೋಯಿತು

1979ರ ಯಂತ್ರ, ಅರ್ಧ ಗಂಟೆ ಆಡಿದರೆ ಪವರ್ ಬೋರ್ಡ್ ಮುಟ್ಟಲಾಗದಷ್ಟು ಬಿಸಿ, ಸುಟ್ಟ ವಾಸನೆ, ಲೈಟುಗಳು ಮಂಕು ಅಂತ ಕೇಳಿದ್ದೆನಲ್ಲ, ಅದರ ಕಥೆ ಇದು.

ಹೆಚ್ಚಿನವರು ಬ್ರಿಡ್ಜ್ ರೆಕ್ಟಿಫೈಯರ್ (ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಭಾಗ) ಬದಲಿಸಿ ಅಂದಿರಿ. 35 ಆಂಪ್‌ನದು ಹಾಕಿದೆ, ವಾಸನೆ ಹೋಗಲಿಲ್ಲ. ಆ ಡಿಸಿಯ ಏರಿಳಿತ ಸಮಮಾಡುವ ಫಿಲ್ಟರ್ ಕೆಪ್ಯಾಸಿಟರ್ ಹೊಸದಾಯಿತು, ಅದರಿಂದಲೂ ವ್ಯತ್ಯಾಸ ಕಾಣಲಿಲ್ಲ. ಫ್ಯಾನ್ ಇಟ್ಟಿದ್ದಕ್ಕೆ ವಾಸನೆ ಮನೆಯೆಲ್ಲಾ ಹರಡಿತು, ಅಷ್ಟೇ!

ಕೆಲಸಕ್ಕೆ ಬಂದದ್ದು "ಕನೆಕ್ಟರ್‌ನ ಎರಡೂ ಬದಿಗೆ ಮೀಟರ್ ಹಿಡಿದು ವೋಲ್ಟೇಜ್ ಡ್ರಾಪ್ ನೋಡಿ" ಎಂದವರ ಮಾತು. ಲೈಟುಗಳ 6.3 ವೋಲ್ಟ್ ಪಿನ್ ಒಂದರಲ್ಲೇ 0.6 ವೋಲ್ಟ್ ಕಳೆದುಹೋಗುತ್ತಿತ್ತು. 5 ಆಂಪ್ ಹರಿದರೆ ಆ ಪುಟ್ಟ ಪಿನ್ನಿನಲ್ಲೇ 3 ವ್ಯಾಟ್ ಶಾಖ. ಪ್ಲಗ್ ಕಂದುಗಟ್ಟಿತ್ತು, ಬೋರ್ಡಿನ ಕಡೆ ಬೆಸುಗೆ ಉಂಗುರದಂತೆ ಬಿರುಕುಬಿಟ್ಟಿತ್ತು. ಪ್ಲಗ್ ಕಳಚಿ, ಕರಕಲಾದ ವೈರ್ ತುದಿ ಕತ್ತರಿಸಿ, ಹೊಸ ಪಿನ್ ಕ್ರಿಂಪ್ ಮಾಡಿ (ವೈರಿಗೆ ಒತ್ತಿ ಬಿಗಿದು), ಹೆಡರ್ (ಬೋರ್ಡಿನ ಕಡೆಯ ಪಿನ್‌ಗಳ ಸಾಲು) ಕೂಡ ಬದಲಿಸಿದೆ. ಹಳೆಯ ಪಿನ್ ಉಜ್ಜಿ ಮತ್ತೆ ಹಾಕಬೇಡಿ, ಲೇಪ ಹೋದರೆ ಮತ್ತೆ ಸುಡುತ್ತದೆ.

ಅಚ್ಚರಿಯೆಂದರೆ, ನನ್ನ ಯಂತ್ರದಲ್ಲಿ ಈ ಲೈಟುಗಳು ಟ್ರಾನ್ಸ್‌ಫಾರ್ಮರ್‌ನಿಂದ ನೇರ ಎಸಿಯಲ್ಲೇ ಉರಿಯುತ್ತವೆ. ಪಾಪದ ಬ್ರಿಡ್ಜ್‌ಗೆ ಸಂಬಂಧವೇ ಇಲ್ಲ, ಪಕ್ಕದಲ್ಲಿ ಕೂತು ಬೈಸಿಕೊಂಡಿತು.

ಜೊತೆಗೆ 44 ನಂಬರ್ ಬಲ್ಬುಗಳ ಜಾಗಕ್ಕೆ 47 ಹಾಕಿದೆ. ಒಂದೊಂದಕ್ಕೆ 0.25 ಆಂಪ್ ಬದಲು 0.15, ಸುಮಾರು 40 ಬಲ್ಬಿಗೆ 10 ಆಂಪ್ ಇದ್ದದ್ದು 6ಕ್ಕೆ ಇಳಿಯಿತು. ಬೆಳಕು ತುಸು ಮೆದು, ನನಗಂತೂ ಇದೇ ಇಷ್ಟ.