ಅಕ್ಕನ ಮಗನಿಗೆ ಆಟದಲ್ಲಿ ತಲೆಗೆ ಪೆಟ್ಟು, ‘ಅವ್ವನಿಗೆ ಹೇಳಬೇಡ ಮಾವ’ ಅಂತಿದ್ದಾನೆ. ಏನು ಮಾಡಲಿ?

ರೈಟ್‌ಹಾಫ್_ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನನ್ನ ಅಕ್ಕ, ಭಾವ ಅಮೆರಿಕದ ಸಿಯಾಟಲ್ ಹತ್ತಿರ ಇದ್ದಾರೆ. ಅವರ ಮಗನಿಗೆ ಈಗ 15. ಸ್ಕೂಲ್ ಟೀಮಿನಲ್ಲಿ ಫುಟ್‌ಬಾಲ್ ಆಡುತ್ತಾನೆ. ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಲ್ಲಿನದು. ಇವನು ಲೈನ್‌ಬ್ಯಾಕರ್, ಅಂದರೆ ಬಾಲ್ ಹಿಡಿದು ಓಡಿ ಬರುವವನನ್ನು ಅಡ್ಡ ಹಾಕಿ ಕೆಡವುವವನು. ಅಲ್ಲಿ ಶುಕ್ರವಾರ ಸಂಜೆ ಮ್ಯಾಚ್ ಶುರುವಾದರೆ ನಮಗೆ ಶನಿವಾರ ಬೆಳಗ್ಗೆ ಏಳೂವರೆ. ಅಕ್ಕ ವಿಡಿಯೊ ಕಾಲ್ ಹಾಕಿ ಫೋನ್ ಹಿಡಿದಿರುತ್ತಾಳೆ, ನಾನೂ ಅವ್ವನೂ ಕಾಫಿ ಕುಡಿಯುತ್ತಾ ನೋಡುತ್ತೇವೆ. ಬಾಲ್ ಯಾರ ಹತ್ತಿರ ಇದೆ ಅಂತ ಅವ್ವನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಹೋದ ಶನಿವಾರ ಹೀಗೇ ನೋಡುತ್ತಿದ್ದಾಗ ಇಬ್ಬರ ಹೆಲ್ಮೆಟ್ ಒಂದಕ್ಕೊಂದು ಬಡಿದು ಇವನು ಬಿದ್ದ. ಎದ್ದ. ಎದ್ದವನು ಎದುರು ಟೀಮಿನವರ ಗುಂಪಿನ ಕಡೆ ನಡೆದುಕೊಂಡು ಹೋದ. ಸತ್ಯ ಹೇಳುತ್ತೇನೆ, ನಮಗೆ ನಗು ಬಂತು. ಯಾರೋ ಜೊತೆಯವನು ಕೈ ಹಿಡಿದು ಈ ಕಡೆ ಎಳೆದುಕೊಂಡು ಬಂದ. ಆಮೇಲೆ ಮ್ಯಾಚ್ ಮುಗಿಯುವವರೆಗೂ ಆಡಿದ. ಕೋಚ್ ನೋಡಲಿಲ್ಲವೋ, ನೋಡಿಯೂ ಬಿಟ್ಟರೋ, ಅಕ್ಕ ಮಾತ್ರ ನೋಡಿಲ್ಲ, ಫೋನ್ ಸರಿಯಾಗಿ ಹಿಡಿಯುವುದರಲ್ಲೇ ಇದ್ದಳು.

ಮೊನ್ನೆ ರಾತ್ರಿ ನನಗೆ ಮೆಸೇಜ್ ಮಾಡಿದ್ದಾನೆ. ನಾಲ್ಕು ದಿನದಿಂದ ತಲೆನೋವು. ಕ್ಲಾಸಿನ ಟ್ಯೂಬ್‌ಲೈಟ್ ನೋಡಿದರೆ ಕಣ್ಣು ಚುಚ್ಚುತ್ತದಂತೆ. ಓದಿದ ಸಾಲನ್ನೇ ಮತ್ತೆ ಓದಬೇಕಂತೆ. ಹೇಳಿದರೆ ವಾರಗಟ್ಟಲೆ ಕೂರಿಸುತ್ತಾರೆ, ಈ ಶುಕ್ರವಾರ ದೊಡ್ಡ ಮ್ಯಾಚ್ ಇದೆ, ‘ಅವ್ವನಿಗೆ ಹೇಳಬೇಡ ಮಾವ’ ಅಂದ. ಕೊನೆಗೊಂದು ಸಾಲು: ‘ನೀನೂ ಜ್ವರ ಇಟ್ಟುಕೊಂಡು ಆಡಿದ್ದೆ ಅಲ್ವಾ.’

ಅದು ನಾನೇ ಹೇಳಿದ ಕಥೆ. ನಮ್ಮ ಒಕ್ಕದ, ಅಂದರೆ ಕೊಡವ ಮನೆತನದ ಟೀಮ್ ಕೌಟುಂಬಿಕ ಹಾಕಿಯಲ್ಲಿ ಮೊದಲ ಸಲ ಮುಂದಿನ ಸುತ್ತಿಗೆ ಹೋಗಿದ್ದ ವರ್ಷ, 102 ಡಿಗ್ರಿ ಜ್ವರ, ಎರಡು ಪ್ಯಾರಾಸಿಟಮಾಲ್ ನುಂಗಿ ಇಳಿದೆ, ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್ ಹೊಡೆದೆ. ಅವನು ರಜೆಗೆ ಬಂದಾಗಲೆಲ್ಲ ಐನ್‌ಮನೆ (ಮನೆತನದ ಮೂಲ ಮನೆ) ಜಗಲಿಯಲ್ಲಿ ಕೂತು ಇದನ್ನೇ ಕೇಳುತ್ತಾನೆ.

ಈಗ ಅಕ್ಕನಿಗೆ ಹೇಳಿದರೆ ಇನ್ನು ಮುಂದೆ ಅವನು ನನಗೆ ಏನೂ ಹೇಳುವುದಿಲ್ಲ. ವಾಂತಿ ಇಲ್ಲ, ಊಟ ಮಾಡುತ್ತಿದ್ದಾನೆ, ಸ್ಕೂಲಿಗೆ ಹೋಗುತ್ತಿದ್ದಾನೆ. ಹೆಲ್ಮೆಟ್ ಬೇರೆ ಹಾಕಿದ್ದ. ಅಷ್ಟೊಂದು ಸೀರಿಯಸ್ಸಾ ಇದು?

---

ಮಡಿಕೇರಿ_ಮಂಜು

ಹೇಳಿ. ಇವತ್ತೇ ಹೇಳಿ. ಉಳಿದದ್ದನ್ನು ಆಮೇಲೆ ಓದಿದರೂ ಸರಿ.

ನಾನು ಫಿಸಿಯೊ, ಇಲ್ಲಿನ ಹಾಕಿ ಹುಡುಗರನ್ನು ನೋಡುತ್ತಿರುತ್ತೇನೆ. ನೀವು ಬರೆದಿರುವುದು ಕನ್ಕಶನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಆಗುವ ತೊಂದರೆ, ಇದ್ದ ಹಾಗೇ ಇದೆ. ನೀವು ನಕ್ಕ ಜಾಗವೇ ಮುಖ್ಯ ಲಕ್ಷಣ. ತನ್ನ ಟೀಮ್ ಯಾವುದು ಅಂತ ಒಂದು ಕ್ಷಣ ಗೊತ್ತಾಗಲಿಲ್ಲ ಅಂದರೆ ಮಿದುಳಿಗೆ ಪೆಟ್ಟಾಗಿದೆ. ಪ್ರಜ್ಞೆ ತಪ್ಪಲೇಬೇಕು ಅಂತೇನಿಲ್ಲ, ಹೆಚ್ಚಿನವರಿಗೆ ತಪ್ಪುವುದೇ ಇಲ್ಲ.

ಹೆಲ್ಮೆಟ್ ವಿಷಯ. ಮಾಕುಟ್ಟ ಘಾಟಿಯಲ್ಲಿ ಬಸ್ಸಿನವನು ಗಕ್ಕನೆ ಬ್ರೇಕ್ ಹಾಕಿದರೆ ಬಸ್ಸಿಗೆ ಒಂದು ಗೀರೂ ಬೀಳುವುದಿಲ್ಲ, ಒಳಗೆ ನಿಂತಿದ್ದವರ ಹಣೆ ಮಾತ್ರ ಮುಂದಿನ ಕಂಬಿಗೆ ಬಡಿಯುತ್ತದೆ. ಹೆಲ್ಮೆಟ್ ಕಾಯುವುದು ಬಸ್ಸನ್ನು. ತಲೆಬುರುಡೆ ಒಡೆಯದಂತೆ ನೋಡಿಕೊಳ್ಳುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯಲು ಅದಕ್ಕಾಗುವುದಿಲ್ಲ. ಹಾಗೇ ಸಿಟಿ ಸ್ಕ್ಯಾನ್ ನಾರ್ಮಲ್ ಬಂದರೂ ಖುಷಿಪಟ್ಟು ಆಡಲು ಕಳಿಸುವಂತಿಲ್ಲ. ಅದು ರಕ್ತ ಸೋರಿದೆಯಾ, ಮೂಳೆ ಬಿಟ್ಟಿದೆಯಾ ಅಂತ ನೋಡಲು ಇರುವುದು, ಕನ್ಕಶನ್ ಅದರಲ್ಲಿ ಕಾಣುವುದಿಲ್ಲ.

ನನಗೆ ಹೆದರಿಕೆ ಇರುವುದು ಹೋದ ವಾರದ ಪೆಟ್ಟಿನ ಬಗ್ಗೆ ಅಲ್ಲ, ಈ ಶುಕ್ರವಾರದ್ದರ ಬಗ್ಗೆ. ಮೊದಲಿನದು ಮಾಗುವ ಮೊದಲೇ ಇನ್ನೊಂದು ಬಿದ್ದರೆ, ಅದು ಚಿಕ್ಕದೇ ಆಗಿರಲಿ, ಮಿದುಳು ಒಮ್ಮೆಲೇ ಊದಿಕೊಳ್ಳಬಹುದು. ಅಪರೂಪ, ಆದರೆ ಆಗುವುದು ಹೆಚ್ಚಾಗಿ ಇದೇ ವಯಸ್ಸಿನವರಿಗೆ, ಆಗಿಬಿಟ್ಟರೆ ಜೀವಕ್ಕೇ ಕುತ್ತು.

ಅಕ್ಕನಿಗೆ ಇದನ್ನೂ ಹೇಳಿ: ತಲೆನೋವು ಜಾಸ್ತಿಯಾಗುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಲಾಗದಷ್ಟು ಮಂಪರು, ಫಿಟ್ಸ್, ಕೈಕಾಲಲ್ಲಿ ಶಕ್ತಿ ಇಲ್ಲದ ಹಾಗೆ ಆಗುವುದು, ಇಂಥದ್ದು ಯಾವುದೇ ಕಂಡರೂ ಅಪಾಯಿಂಟ್‌ಮೆಂಟ್ ಅಂತ ಕಾಯದೆ ಎಮರ್ಜೆನ್ಸಿಗೆ ಹೋಗಬೇಕು. ಇಲ್ಲವಾದರೆ ಡಾಕ್ಟರ್ ನೋಡಲಿ, ಕೆಲವು ದಿನ ಫೋನು, ಟಿವಿ ಕಡಿಮೆ ಮಾಡಲಿ, ಮೆಲ್ಲಗೆ ನಡೆದಾಡಲಿ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿ ಈಗ ಇಲ್ಲ. ಮೊದಲು ಸ್ಕೂಲು, ಆಮೇಲೆ ಹಗುರ ಓಟ, ಆಮೇಲೆ ಗುದ್ದಾಟ ಇಲ್ಲದ ಪ್ರಾಕ್ಟೀಸ್, ಡಾಕ್ಟರ್ ಹೂಂ ಅಂದ ಮೇಲೆ ಆಟ. ಒಂದು ಹಂತಕ್ಕೆ ಒಂದು ದಿನವಾದರೂ ಬೇಕು. ತಲೆನೋವು ಮರಳಿದರೆ ಹಿಂದಿನ ಹಂತಕ್ಕೆ. ಮಕ್ಕಳಿಗೆ ಒಂದು ತಿಂಗಳು ಹಿಡಿದರೂ ಆಶ್ಚರ್ಯ ಇಲ್ಲ.

---

ಹಳೇ_ಸ್ಟಿಕ್

ನನಗೆ ಬೈದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೌಟುಂಬಿಕ ಹಾಕಿ ಶುರು ಮಾಡಿದಾಗ 60 ಕುಟುಂಬ ಬಂದಿದ್ದವು, ನಾನೂ ಇದ್ದೆ. ಮಣ್ಣಿನ ಗ್ರೌಂಡ್. ಬಾಲ್ ಎಲ್ಲಿಗೆ ಪುಟಿಯುತ್ತದೆ ಅಂತ ಬಾಲಿಗೂ ಗೊತ್ತಿರಲಿಲ್ಲ. ಹುಬ್ಬಿಗೆ ಬಿದ್ದರೆ ಹೊಲಿಗೆ ಹಾಕಿಸಿಕೊಂಡು ಬಂದು ಆಡುತ್ತಿದ್ದೆವು. ನಮಗೇನಾಗಿದೆ ಈಗ? ಅಂಗೈಯಲ್ಲಿಟ್ಟು ಸಾಕಿದ ಮಕ್ಕಳು ನಾಳೆ ಸೈನ್ಯಕ್ಕೆ ಹೋಗುತ್ತಾರಾ? ತಲೆನೋವು ಯಾರಿಗೆ ಬರುವುದಿಲ್ಲ ಹೇಳಿ.

---

ಪುತ್ತರಿಗೆ_ಬರ್ತೀನಿ

ಹಳೇ ಸ್ಟಿಕ್ ಅಣ್ಣ, ಹುಬ್ಬಿನ ಹೊಲಿಗೆ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ, ಕಷ್ಟ ಇರುವುದೇ ಅಲ್ಲಿ.

ನಾನು ಪೊನ್ನಂಪೇಟೆ ಕಡೆಯವನು, ಈಗ ಅಮೆರಿಕದಲ್ಲಿದ್ದೇನೆ. ಭಾನುವಾರ ಈ ಆಟ ನೋಡುವ ಚಟ ನನಗೂ ಇದೆ, ಹಾಗಾಗಿ ಒಳ್ಳೆಯವನ ಹಾಗೆ ಮಾತಾಡುವುದಿಲ್ಲ. ಆದರೆ ನಿಮ್ಮ ಅಕ್ಕ ಇರುವ ವಾಷಿಂಗ್ಟನ್ ರಾಜ್ಯದಲ್ಲೇ ಇದಕ್ಕೊಂದು ಕಾನೂನು ಇದೆ. 2006ರಲ್ಲಿ ಝಾಕರಿ ಲೈಸ್ಟೆಟ್ ಅನ್ನುವ 13 ವರ್ಷದ ಹುಡುಗ ಸ್ಕೂಲ್ ಮ್ಯಾಚಿನಲ್ಲಿ ತಲೆ ಬಡಿಸಿಕೊಂಡ. ಸ್ವಲ್ಪ ಹೊತ್ತು ಕೂತು ಮತ್ತೆ ಇಳಿದ. ಮ್ಯಾಚ್ ಮುಗಿಯುತ್ತಿದ್ದ ಹಾಗೇ ಕುಸಿದು ಬಿದ್ದ. ಮಿದುಳು ಊದಿ, ತಲೆಬುರುಡೆಯ ಎರಡೂ ಕಡೆ ಮೂಳೆ ತೆಗೆಯಬೇಕಾಯಿತು. ಮಾತು ಮರಳಿ ಬರುವುದಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ಅವನ ಹೆಸರಿನ ಕಾನೂನು 2009ರಲ್ಲಿ ಬಂತು: ಅನುಮಾನ ಬಂದರೆ ಸಾಕು, ಮಗುವನ್ನು ಆ ಕ್ಷಣವೇ ಹೊರಗೆ ಕರೆಯಬೇಕು, ಬಲ್ಲ ವೈದ್ಯರು ಬರೆದು ಕೊಟ್ಟ ಮೇಲೇ ಮತ್ತೆ ಆಟ. ಆಮೇಲೆ ಎಲ್ಲ 50 ರಾಜ್ಯಗಳೂ ಇಂಥ ಕಾನೂನು ಮಾಡಿಕೊಂಡವು. ಮಂಜು ಅವರು ಹೇಳಿದ ‘ಎರಡನೇ ಪೆಟ್ಟಿನ’ ಹೆದರಿಕೆ ನಿಮ್ಮ ಹುಡುಗನ ಊರಿನ ಸುತ್ತಲೇ ನಡೆದು ಹೋದದ್ದು.

ಅಷ್ಟೆಲ್ಲ ಕಾನೂನು ಇದ್ದೂ ಆಟಗಾರ ‘ನನಗೇನಿಲ್ಲ’ ಅಂದರೆ ಮುಗಿಯಿತು. ಕೋಟಿಗಟ್ಟಲೆ ದುಡ್ಡಿರುವ ಎನ್‌ಎಫ್‌ಎಲ್‌ನಲ್ಲೇ (ಈ ಆಟದ ಅಲ್ಲಿನ ದೊಡ್ಡ ವೃತ್ತಿಪರ ಲೀಗ್) ನೋಡಿ. 2022ರ ಸೆಪ್ಟೆಂಬರ್ 25ರಂದು ಮಯಾಮಿ ಟೀಮಿನ ಟುವಾ ಟಾಗೊವೈಲೋವಾ ಬಿದ್ದು, ಎದ್ದು, ಕುಡಿದವನ ಹಾಗೆ ತೂರಾಡಿದ. ದೇಶವೆಲ್ಲ ಟಿವಿಯಲ್ಲಿ ನೋಡಿತು. ಬೆನ್ನುನೋವು ಅಂದರು, ಮತ್ತೆ ಆಡಿದ. ನಾಲ್ಕೇ ದಿನಕ್ಕೆ ಮುಂದಿನ ಮ್ಯಾಚ್, ಅಲ್ಲಿ ತಲೆ ನೆಲಕ್ಕೆ ಬಡಿದು ಬೆರಳುಗಳು ಸೆಟೆದು ನಿಂತವು, ಸ್ಟ್ರೆಚರ್‌ನಲ್ಲಿ ಹೊತ್ತುಕೊಂಡು ಹೋದರು. ಅದಾದ ಮೇಲೆಯೇ ನಿಯಮ ಬದಲಾಯಿಸಿದ್ದು: ತೂರಾಡಿದವನು ಕಾರಣ ಏನೇ ಹೇಳಲಿ, ಅವತ್ತು ಮತ್ತೆ ಇಳಿಯುವ ಹಾಗಿಲ್ಲ.

ಇನ್ನು ವರ್ಷಗಟ್ಟಲೆ ಗುದ್ದಿಸಿಕೊಂಡರೆ ಏನಾಗುತ್ತದೆ ಅನ್ನುವುದು. ಪಿಟ್ಸ್‌ಬರ್ಗ್ ಟೀಮಿನ ಮೈಕ್ ವೆಬ್‌ಸ್ಟರ್ ನಾಲ್ಕು ಸಲ ಚಾಂಪಿಯನ್, 2002ರಲ್ಲಿ 50ನೇ ವಯಸ್ಸಿಗೇ ತೀರಿಕೊಂಡರು. ಅಷ್ಟು ಹೊತ್ತಿಗೆ ಮನಸ್ಸಿನ ಸ್ಥಿಮಿತ ಹೋಗಿ, ಮನೆ ಮಠ ಬಿಟ್ಟು ವ್ಯಾನಿನಲ್ಲಿ ಮಲಗುವ ಸ್ಥಿತಿಗೆ ಬಂದಿದ್ದರು. ವೆಬ್‌ಸ್ಟರ್ ಮಿದುಳನ್ನು ಡಾ. ಬೆನೆಟ್ ಒಮಾಲು ಪರೀಕ್ಷಿಸಿ, ಸಿಟಿಇ ಅನ್ನುವ ಮಿದುಳು ಸವೆತದ ಕಾಯಿಲೆ ಕಂಡುಹಿಡಿದರು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ತೀರಿಹೋದ 111 ಎನ್‌ಎಫ್‌ಎಲ್ ಆಟಗಾರರ ಮಿದುಳು ನೋಡಿದರು, 110ರಲ್ಲಿ ಅದೇ ಕಾಯಿಲೆ. ತೊಂದರೆ ಕಂಡಿದ್ದ ಮನೆಯವರೇ ಜಾಸ್ತಿ ಮಿದುಳು ದಾನ ಕೊಟ್ಟಿರುತ್ತಾರೆ, ಹಾಗಾಗಿ ಆಡಿದ ಎಲ್ಲರಿಗೂ ಬರುತ್ತದೆ ಅಂತ ಅರ್ಥ ಅಲ್ಲ. ಒಂದು ಕನ್ಕಶನ್ ಆದ 15ರ ಹುಡುಗನಿಗೆ ಇದನ್ನು ಹೇಳಿ ಹೆದರಿಸಲೂ ಬೇಡಿ. ‘ನಮಗೇನಾಗಿದೆ ಈಗ’ ಅಂದ ಹಳೇ ಸ್ಟಿಕ್ ಅಣ್ಣನಿಗೋಸ್ಕರ ಬರೆದೆ, ಅಷ್ಟೇ.

---

ಹಳೇ_ಸ್ಟಿಕ್

ಕ್ರಿಕೆಟ್ಟಿನಲ್ಲಿ ಈಗ ತಲೆಗೆ ಬಿದ್ದರೆ ಬೇರೆಯವನನ್ನು ಇಳಿಸುತ್ತಾರಲ್ಲ, ಅದೂ ಇದೇನಾ?

---

ಪುತ್ತರಿಗೆ_ಬರ್ತೀನಿ

ಅದೇ ಅಣ್ಣ. 2019ರಿಂದ ಇದೆ. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜಾ ಹೆಲ್ಮೆಟ್‌ಗೆ ಬಾಲ್ ಬಿದ್ದು, ಚಾಹಲ್ ಬಂದು ಮೂರು ವಿಕೆಟ್ ತೆಗೆದು ಮ್ಯಾಚ್ ಗೆಲ್ಲಿಸಿದ್ದು ನೆನಪಿದೆಯಾ? ಕೂತವನ ಬದಲು ಇನ್ನೊಬ್ಬ ಬರುತ್ತಾನೆ ಅಂತ ಗೊತ್ತಿದ್ದರೆ ಮುಚ್ಚಿಡುವವರು ಕಡಿಮೆಯಾಗುತ್ತಾರೆ.

---

ಗೋಣಿಕೊಪ್ಪ_ಗೋಲ್‌ಕೀಪರ್

ರೈಟ್‌ಹಾಫ್ ಅಣ್ಣ, ಎಲ್ಲರೂ ತಲೆಯ ಬಗ್ಗೆ ಹೇಳಿದ್ದಾರೆ. ನನಗೆ ನಿಮ್ಮ ಜ್ವರದ ಬಗ್ಗೆ ಕೇಳಬೇಕು. ಗೋಲ್ ಹೊಡೆದದ್ದು ಬರೆದಿರಿ, ಅಲ್ಲಿಗೇ ನಿಲ್ಲಿಸಿದಿರಿ. ಆಮೇಲೇನಾಯಿತು?

ಕೇಳಲು ಕಾರಣ ಇದೆ. ನಾನು ಗೋಲಿನಲ್ಲಿ ನಿಲ್ಲುವವಳು. ನಮ್ಮ ಟೂರ್ನಮೆಂಟಿನಲ್ಲಿ ಹೆಂಗಸರೂ ಗಂಡಸರೂ ಒಂದೇ ಟೀಮಿನಲ್ಲಿ ಆಡುತ್ತೇವಲ್ಲ, ಒಂದು ಸಲ ಹೊಟ್ಟೆ ಕೆಟ್ಟು ರಾತ್ರಿಯೆಲ್ಲ ನಿದ್ದೆ ಇಲ್ಲದೆ ಇಳಿದಿದ್ದೆ, ‘ಹುಡುಗಿ, ಅದಕ್ಕೇ ಆಗಲಿಲ್ಲ’ ಅಂತ ಯಾರೂ ಅನ್ನಬಾರದು ಅಂತ. ಏಪ್ರಿಲ್ ಬಿಸಿಲು, ಮೈತುಂಬ ಪ್ಯಾಡ್. ಎರಡನೇ ಹಾಫ್‌ನಲ್ಲಿ ಬೆವರುವುದೇ ನಿಂತುಹೋಯಿತು. ಗೋಲ್ ಪೋಸ್ಟ್ ಹಿಡಿದುಕೊಂಡು ನಿಂತದ್ದು ನೆನಪಿದೆ, ಆಮೇಲಿನದು ಆಂಬ್ಯುಲೆನ್ಸ್. ಅಮೆರಿಕದ ಮಾತು ಬಂತಲ್ಲ, 2001ರಲ್ಲಿ ಮಿನೆಸೋಟಾ ಟೀಮಿನ ಕೋರಿ ಸ್ಟ್ರಿಂಗರ್ ಅನ್ನುವವರು ಸತ್ತದ್ದು ಹೀಗೇ, ಬಿಸಿಲಿನ ಹೊಡೆತಕ್ಕೆ. ಹಿಂದಿನ ದಿನ ಪ್ರಾಕ್ಟೀಸ್ ಮುಗಿಸಲಾಗಲಿಲ್ಲ. ಮರುದಿನ ವಾಂತಿ ಮಾಡುತ್ತಲೇ ಮುಗಿಸಿದರು. ಆಸ್ಪತ್ರೆಗೆ ಸೇರಿಸಿದಾಗ ಮೈ 108 ಡಿಗ್ರಿ ದಾಟಿತ್ತು. ಬೆಳಗಾಗುವ ಮೊದಲೇ ಹೋದರು, ಇಪ್ಪತ್ತೇಳೇ ವರ್ಷ. ಆಸ್ಪತ್ರೆಯಲ್ಲಿ ಮಲಗಿಕೊಂಡು ಇದನ್ನು ಓದಿದೆ ನಾನು.

ನಿಮ್ಮ ಹುಡುಗ ಆ ಕಥೆಯಿಂದಲೇ ಧೈರ್ಯ ತಂದುಕೊಂಡಿದ್ದಾನೆ. ಪೂರ್ತಿ ಕಥೆ ಅವನಿಗೆ ಗೊತ್ತಾ?

---

ರೈಟ್‌ಹಾಫ್_ವಿರಾಜಪೇಟೆ

ಗೊತ್ತಿರಲಿಲ್ಲ.

ಗೋಲ್‌ಕೀಪರ್ ಕೇಳಿದ ಮೇಲೆ ಎರಡು ಗಂಟೆ ತೋಟದಲ್ಲಿ ಸುಮ್ನೆ ಓಡಾಡಿದೆ. ಮೆಣಸಿನ ಬಳ್ಳಿ ನೋಡುವ ನೆಪ. ಇಲ್ಲೇ ಬರೆದುಬಿಡುತ್ತೇನೆ. ಗೋಲ್ ಹೊಡೆದ ಮ್ಯಾಚ್ ನಾವು ಸೋತೆವು, ಅದನ್ನೂ ಅವನಿಗೆ ಹೇಳಿಲ್ಲ. ಒಂದು ವಾರದ ಮೇಲೆ ಜ್ವರ ಹೋಯಿತು, ಏದುಸಿರು ಹೋಗಲಿಲ್ಲ. ಮನೆಯಿಂದ ಕಣಕ್ಕೆ ನಡೆದರೆ ಎದೆ ಡವಡವ. ಮೈಸೂರಿಗೆ ಕರೆದುಕೊಂಡು ಹೋದರು, ಇಸಿಜಿ, ಎಕೋ ಎಲ್ಲ ಆಯಿತು. ವೈರಸ್ ಹೃದಯದ ಸ್ನಾಯುವಿಗೆ ಇಳಿದು ಊತ ಬಂದಿದೆ ಅಂದರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಜ್ವರದಲ್ಲಿ ಏನಾದರೂ ಭಾರದ ಕೆಲಸ ಮಾಡಿದಿರಾ?’ ಅವ್ವ ನನ್ನ ಮುಖ ನೋಡಿದರು. ಮಾತ್ರೆಯಿಂದ ಇಳಿದದ್ದು ಮೈಯ ಬಿಸಿ ಮಾತ್ರ, ಕಾಯಿಲೆ ಒಳಗೇ ಇತ್ತು, ಅಂಥ ಹೊತ್ತಿನಲ್ಲಿ ಓಡಿದರೆ ಹೃದಯದ ಬಡಿತವೇ ತಪ್ಪಿ ಗ್ರೌಂಡಿನಲ್ಲೇ ಬೀಳುವವರಿದ್ದಾರೆ ಅಂತ ಹೇಳಿ ಆರು ತಿಂಗಳು ಆಟ ಬಂದ್ ಮಾಡಿದರು. ಅಕ್ಕ ಆಗ ಅಮೆರಿಕದಲ್ಲಿದ್ದಳು, ಅವಳಿಗೆ ‘ಸ್ವಲ್ಪ ಸುಸ್ತು’ ಅಂತಷ್ಟೇ ಹೇಳಿದ್ದೆವು.

ನಿನ್ನೆ ಅವನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ‘ಸೋತಿದ್ರಾ?’ ಅಂದ. ಎದೆಯ ಊತಕ್ಕಿಂತ ಅದೇ ಜಾಸ್ತಿ ಬೇಜಾರಾದ ಹಾಗಿತ್ತು ಅವನಿಗೆ. ಅವ್ವನಿಗೆ ನೀನು ಹೇಳುತ್ತೀಯಾ, ನಾನು ಹೇಳಲಾ, ಒಂದು ಗಂಟೆ ಟೈಮ್ ಅಂದೆ. ಇಪ್ಪತ್ತು ನಿಮಿಷಕ್ಕೆ ಅಕ್ಕನ ಫೋನ್ ಬಂತು, ಅಳುತ್ತಾ, ನನಗೂ ಬೈಯುತ್ತಾ. ಡಾಕ್ಟರ್ ನೋಡಿದ್ದಾರೆ, ಕನ್ಕಶನ್ನೇ. ಶುಕ್ರವಾರದ ಮ್ಯಾಚ್ ಇಲ್ಲ. ಅದರ ಮುಂದಿನದೂ ಅನುಮಾನ. ಪರೀಕ್ಷೆ ಬರೆಯಲೂ ಸ್ಕೂಲಿನವರು ಜಾಸ್ತಿ ಸಮಯ ಕೊಡುತ್ತಾರಂತೆ. ನನ್ನ ಹತ್ತಿರ ಅವನು ಸದ್ಯ ಮಾತಾಡುತ್ತಿಲ್ಲ.

---

ಮಡಿಕೇರಿ_ಮಂಜು

ತಲೆಗೆ ಪೆಟ್ಟಾದವರಿಗೆ ಸಿಟ್ಟು ಸ್ವಲ್ಪ ಬೇಗ ಬರುತ್ತದೆ, ಅದೂ ಒಂದು ಲಕ್ಷಣ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

---

ಹಳೇ_ಸ್ಟಿಕ್

ಆರು ತಿಂಗಳಾದ ಮೇಲೆ ಮತ್ತೆ ಆಡಿದಿರಾ?

---

ರೈಟ್‌ಹಾಫ್_ವಿರಾಜಪೇಟೆ

ಎಕೋ ಸರಿ ಬಂದ ಮೇಲೆ, ಮರುವರ್ಷ ಆಡಿದೆ ಅಣ್ಣ. ಮೊದಲ ಮ್ಯಾಚಿನಲ್ಲೇ ಸೋತು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆವು.