ಇಂಕ್‌ಜೆಟ್ ಪ್ರಿಂಟರಿನಿಂದ ಹತ್ತಿ ಬಟ್ಟೆಯ ಮೇಲೆ ಚಿತ್ರ ಮುದ್ರಿಸುವುದು ಹೇಗೆ?

ಪ್ರಶ್ನೆ: ದಿಂಬಿನ ಕವರಿಗಾಗಿ ಹಳೆಯ ಛಾಯಾಚಿತ್ರವೊಂದನ್ನು ಮುದ್ರಿಸಲು ಹೋದಾಗ ಬಟ್ಟೆ ಪ್ರಿಂಟರಿನೊಳಗೆ ಮುದುಡಿ ಸಿಕ್ಕಿಕೊಂಡಿತು, ಹೇಗೋ ಮುದ್ರಣಗೊಂಡ ಇನ್ನೊಂದು ತುಂಡಿನ ಬಣ್ಣ ಒಗೆದೊಡನೆ ಹರಡಿತು. ಪರಿಹಾರವೇನು?

ಉತ್ತರ 1: ಬಟ್ಟೆಯನ್ನು ಮೊದಲು ಒಗೆದು ಗಂಜಿ ತೆಗೆದು, ಒಣಗಿದ ಮೇಲೆ ಫ್ರೀಜರ್ ಪೇಪರಿನ (ಒಂದು ಬದಿಗೆ ಪ್ಲಾಸ್ಟಿಕ್ ಲೇಪವಿರುವ ಕಾಗದ) ಹೊಳಪಿನ ಬದಿಗೆ ಇಸ್ತ್ರಿಯಿಂದ ಅಂಟಿಸಿ, ಎರಡನ್ನೂ ಒಟ್ಟಿಗೆ ಎ4 ಅಳತೆಗೆ ಕತ್ತರಿಸಿ, ಅಂಚಿನ ಎಳೆಗಳನ್ನು ತೆಗೆದರೆ ಪ್ರಿಂಟರು ಅದನ್ನು ದಪ್ಪ ಕಾಗದದಂತೆ ಎಳೆದುಕೊಳ್ಳುತ್ತದೆ. ನಿಮ್ಮದು ಬಹುಶಃ ನೀರಿಗೆ ಕರಗುವ ಡೈ ಶಾಯಿ. ನೀರಿಗೆ ಕರಗದ ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿ ಹೆಚ್ಚು ಬಾಳುತ್ತದೆ.

ಉತ್ತರ 2: ಲೇಸರ್ ಪ್ರಿಂಟರಿನಲ್ಲಿ ಮಾತ್ರ ಇದನ್ನು ಪ್ರಯತ್ನಿಸಬೇಡಿ, ಶಾಖಕ್ಕೆ ಕಾಗದದ ಪ್ಲಾಸ್ಟಿಕ್ ಲೇಪ ಕರಗಿ ಒಳಗೆ ಅಂಟಿಕೊಳ್ಳಬಹುದು.

ಪ್ರಶ್ನಿಸಿದವರು: ನನ್ನದು ಡೈ ಶಾಯಿಯೇ. ಚಿತ್ರವನ್ನು ಅದರ ಮೇಲೆ ಮುದ್ರಿಸಿ ಇಸ್ತ್ರಿಯಿಂದ ಬಟ್ಟೆಗೆ ಇಳಿಸುವ ಟ್ರಾನ್ಸ್‌ಫರ್ ಪೇಪರ್ ಬಳಸಬಹುದೇ?

ಉತ್ತರ 1: ಬಳಸಬಹುದು. ತಿಳಿಬಣ್ಣದ ಬಟ್ಟೆಗೆ ಬಳಸುವ ಕಾಗದವಾದರೆ ಚಿತ್ರವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಮುದ್ರಿಸಬೇಕು. ಅಕ್ಷರಗಳಿದ್ದರೆ ಇದನ್ನು ಮರೆಯುವಂತಿಲ್ಲ.